ಕಾಸರಗೋಡಿನ 'ಕನ್ನಡ ಗ್ರಾಹಕ' ಅಂದ್ರೆ ಯಾರು? 200 ಫಾರ್ಮ್ ತುಂಬಿಸಿದ ಮೇಲೆ ಗೈಡ್ ಕೇಳಿದ ಪ್ರಶ್ನೆ

ನೀರ್ಚಾಲು_ಹುಡುಗಿ | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನಾನು ಎಂ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿನ ವಿಷಯ 'ಕಾಸರಗೋಡಿನ ಕನ್ನಡ ಗ್ರಾಹಕರು ಮತ್ತು ತೆಂಗಿನೆಣ್ಣೆ'. ಸುಮ್ನೆ ಆರಿಸಿದ ವಿಷಯ ಅಲ್ಲ. ನನ್ನ ಸೋದರಮಾವನದ್ದು ಒಂದು ಸಣ್ಣ ಎಣ್ಣೆ ಮಿಲ್ಲು ಉಂಟು. ಊರವರು ಕೊಬ್ಬರಿ ತರುತ್ತಾರೆ, ಎಣ್ಣೆ ಮಾಡಿಸಿಕೊಂಡು ಹೋಗುತ್ತಾರೆ. ಮಿಲ್ಲಿಗೆ ಸಿಗುವುದು ಕೂಲಿ ಮಾತ್ರ. ಈಗ ಮಾವನಿಗೆ ಬಾಟಲಿಯಲ್ಲಿ ತುಂಬಿಸಿ, ಕನ್ನಡದಲ್ಲಿ ಲೇಬಲ್ ಹಾಕಿ ಮಾರುವ ಆಸೆ. "ನೀನು ಹೇಗೂ ಸರ್ವೆ ಮಾಡ್ತೀಯಲ್ಲ, ಎಷ್ಟು ಜನ ತಗೊಳ್ತಾರೆ ನೋಡಿ ಹೇಳು" ಅಂದರು. ನನಗೂ ಮಾರ್ಕು, ಮಾವನಿಗೂ ಲೆಕ್ಕ ಅಂದುಕೊಂಡು ಹೊರಟೆ.

ಒಟ್ಟು 200 ಫಾರ್ಮ್ ಆಯಿತು. ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ, ಕುಂಬಳೆಯಲ್ಲಿ ಸ್ವಲ್ಪ, ಒಂದು ಜಾತ್ರೆಯಲ್ಲಿ ಸ್ವಲ್ಪ. ಉಳಿದದ್ದು ವಾಟ್ಸಾಪ್ ಗ್ರೂಪುಗಳಿಗೆ ಹಾಕಿದ ಗೂಗಲ್ ಫಾರ್ಮ್.

ನಿನ್ನೆ ಗೈಡ್ ಹತ್ತಿರ ಹೋದೆ. ಅವರು ಕೇಳಿದ ಮೊದಲನೇ ಪ್ರಶ್ನೆ: "ನಿನ್ನ ಪಾಪ್ಯುಲೇಷನ್ ಯಾವುದು?" "ಕಾಸರಗೋಡಿನ ಕನ್ನಡಿಗರು ಸರ್" ಅಂದೆ. ಅವರು ಕಟ್ಟಿನಿಂದ ಒಂದು ಫಾರ್ಮ್ ಎಳೆದರು. ಮಾತೃಭಾಷೆ ತುಳು, ಮನೆ ಗಡಿಯಾಚೆ ಮಂಗಳೂರು ಹತ್ತಿರದ ತೊಕ್ಕೊಟ್ಟು, ಕೆಲಸ ಕಾಸರಗೋಡು ಪೇಟೆಯಲ್ಲಿ. "ಇವರು ನಿನ್ನ ಲೆಕ್ಕದಲ್ಲಿ ಇದ್ದಾರಾ, ಇಲ್ವಾ?" ನಾನು ಸುಮ್ಮನಾದೆ. ಇನ್ನೊಂದು ಎಳೆದರು. ಮಂಗಳೂರಿನ ಹಾಸ್ಟೆಲಿನಲ್ಲಿರುವ ಹುಡುಗ, ಮನೆ ನಮ್ಮ ಜಿಲ್ಲೆಯ ಪೈವಳಿಕೆ. 'ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬೇಕು' ಅನ್ನುವ ಪ್ರಶ್ನೆಗೆ 'ಅಮ್ಮನ ಹತ್ತಿರ ಕೇಳಬೇಕು' ಅಂತ ಬರೆದಿದ್ದಾನೆ. ಗೈಡ್ ನಕ್ಕರು. ನನಗೆ ಅಳು ಬಂತು.

ಈಗ ಪ್ರಶ್ನೆ ಇಷ್ಟೇ. ಇದನ್ನು ಸರಿ ಮಾಡುವುದು ಹೇಗೆ? ಇನ್ನೂ 200 ಫಾರ್ಮ್ ಮಾಡಿದರೆ ಸಾಕಾ?

ಕುಂಬಳೆ_ಪೇಟೆ | ರಾತ್ರಿ 9:52

ಕನ್ನಡ ಪೇಪರ್ ಓದುವವ ಕನ್ನಡಿಗ. ಮುಗೀತು. ಗೈಡ್‌ಗಳಿಗೆ ಬೇರೆ ಕೆಲಸ ಇಲ್ಲ. ಇನ್ನೂ 300 ಮಾಡಿ 500 ಅಂತ ತೋರಿಸು ತಂಗಿ, ಯಾರೂ ಮಾತಾಡುವುದಿಲ್ಲ.

ಪೆರ್ಲದ_ಮಾಷ್ಟ್ರು | ರಾತ್ರಿ 10:31

ಕುಂಬಳೆಯವರ ಮಾತು ಕೇಳಬೇಡ ಮಗಾ. 500 ಅಲ್ಲ, 5,000 ಮಾಡಿದರೂ ನಿನ್ನ ಗೈಡ್ ಅದೇ ಪ್ರಶ್ನೆ ಕೇಳುತ್ತಾರೆ. ಕೇಳಲೂಬೇಕು.

ಪುಸ್ತಕದಲ್ಲಿ ಪಾಪ್ಯುಲೇಷನ್ನಿಗೆ, ಅಂದರೆ ಯಾರ ಬಗ್ಗೆ ತಿಳಿಯಬೇಕೋ ಆ ಇಡೀ ಗುಂಪಿಗೆ, 'ಸಮಷ್ಟಿ' ಅಂತ ಇರುತ್ತದೆ. ನಾನು ಪಾಠ ಮಾಡುವಾಗ ಆ ಶಬ್ದ ಹೇಳಿದ ಕೂಡಲೇ ಹಿಂದಿನ ಬೆಂಚು ನಿದ್ದೆಗೆ ಹೋಗುತ್ತಿತ್ತು. ಅದಕ್ಕೆ ಮದುವೆ ಮನೆಯ ಲೆಕ್ಕ ಹೇಳುತ್ತಿದ್ದೆ. ಅಡಿಗೆ ಭಟ್ಟರು ಎಂತ ಕೇಳುತ್ತಾರೆ? "ಎಷ್ಟು ಎಲೆ?" ಕಾಗದ ಕೊಟ್ಟದ್ದು ಎಷ್ಟು ಮನೆಗೆ ಅಂತ ಕೇಳುವುದಿಲ್ಲ. ಹಾಲ್‌ನಲ್ಲಿ ಎಷ್ಟು ಕುರ್ಚಿ ಅಂತಲೂ ಕೇಳುವುದಿಲ್ಲ. ಮುಹೂರ್ತಕ್ಕೆ ಬಂದು ಉಡುಗೊರೆ ಕೊಟ್ಟು ಹಾಗೇ ಹೋಗುವವರು ಇರುತ್ತಾರೆ. ವಾಲಗದವರು, ಬಸ್ಸಿನ ಡ್ರೈವರ್, ವಿಡಿಯೊದವರು ಕಾಗದದ ಪಟ್ಟಿಯಲ್ಲಿ ಇಲ್ಲ, ಆದರೆ ಎಲೆಯ ಮುಂದೆ ಇರುತ್ತಾರೆ. ಭಟ್ಟರಿಗೆ ಪಾಪ್ಯುಲೇಷನ್ ಅಂದರೆ ಎಲೆ. ಫೋಟೊದವನಿಗೆ ಅದೇ ಮದುವೆಯಲ್ಲಿ ಪಾಪ್ಯುಲೇಷನ್ ಬೇರೆ. ಒಂದೇ ಚಪ್ಪರ, ಎರಡು ಲೆಕ್ಕ. ಎರಡೂ ಸರಿ.

ಮಾರ್ಕೆಟಿಂಗ್ ರಿಸರ್ಚಿನಲ್ಲಿ ನಾಲ್ಕು ವಿಷಯ ಮೊದಲೇ ಬರೆದು ಇಡಬೇಕು. ಯಾರ ಬಗ್ಗೆ ತಿಳಿಯಬೇಕು. ಅವರನ್ನು ಯಾವ ದಾರಿಯಿಂದ ಹಿಡಿಯುತ್ತೀ, ಮನೆಯ ಮೂಲಕವೋ ಅಂಗಡಿಯ ಮೂಲಕವೋ. ಎಲ್ಲಿಂದ ಎಲ್ಲಿಯವರೆಗೆ. ಯಾವ ಸಮಯದಲ್ಲಿ. 'ಕಾಸರಗೋಡಿನ ಕನ್ನಡಿಗರು' ಅಂದಾಗ ಮೊದಲನೆಯದ್ದಕ್ಕೆ ಅರ್ಧ ಉತ್ತರ, ಮೂರನೆಯದ್ದಕ್ಕೆ ಅರ್ಧ ಉತ್ತರ, ಉಳಿದದ್ದು ಖಾಲಿ. ಕಾಸರಗೋಡು ಅಂದರೆ ಪೇಟೆಯಾ, ತಾಲೂಕಾ, 1984ರಲ್ಲಿ ಆದ ಜಿಲ್ಲೆಯಾ? ಜಿಲ್ಲೆ ಅಂದರೆ ತಲಪಾಡಿ ಗಡಿಯಿಂದ ತೃಕ್ಕರಿಪುರದವರೆಗೆ. 2011ರ ಜನಗಣತಿಯಲ್ಲಿ 13,07,375 ಜನ. ನೀನು ಜಿಲ್ಲೆಯ ನಡುವೆ ಹರಿಯುವ ಚಂದ್ರಗಿರಿ ಹೊಳೆ ದಾಟಿ ಒಂದು ಫಾರ್ಮ್ ಆದರೂ ತುಂಬಿಸಿದ್ದೀಯಾ?

ಇನ್ನು, ಜಾಸ್ತಿ ಮಾಡಿದರೆ ಸರಿಯಾಗುತ್ತದೆ ಅನ್ನುವವರಿಗೆ ಹಳೇ ಕತೆ ಒಂದುಂಟು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಅನ್ನುವ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಸರ್ವೆ ಮಾಡಿತು. ಸುಮಾರು 1 ಕೋಟಿ ಕಾರ್ಡ್ ಕಳಿಸಿದರು. ಸುಮಾರು 23 ಲಕ್ಷ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ಗೆದ್ದದ್ದು ರೂಸ್‌ವೆಲ್ಟ್, ಅದೂ ನೂರಕ್ಕೆ 60ಕ್ಕಿಂತ ಜಾಸ್ತಿ ಮತ ಪಡೆದು. ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ ರಾಜ್ಯ. ಕಾರ್ಡ್ ಕಳಿಸಿದ ವಿಳಾಸಗಳು ಬಂದದ್ದು ಟೆಲಿಫೋನ್ ಪಟ್ಟಿಯಿಂದ, ಕಾರು ಇದ್ದವರ ಪಟ್ಟಿಯಿಂದ, ಅಂಥ ಕಡೆಯಿಂದ. ದುಡ್ಡಿಗೆ ಪರದಾಡುವ ಆ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿ ಇತ್ತು? ಉತ್ತರ ಕಳಿಸದವರ ಸಂಖ್ಯೆಯೂ ದೊಡ್ಡದಿತ್ತು, ಅದೂ ಒಂದು ಕಾರಣ. ನಿನ್ನ ವಾಟ್ಸಾಪ್ ಗ್ರೂಪಿನ ಕತೆಯೂ ಇದೇ.

ಕುಂಬಳೆ_ಪೇಟೆ | ರಾತ್ರಿ 10:38

23 ಲಕ್ಷ ಉತ್ತರ ಬಂದೂ ತಪ್ಪಾ! ಸರಿ ಮಾಷ್ಟ್ರೇ, ನನ್ನ 500 ವಾಪಸ್ ತಗೊಂಡೆ.

ಎಣಿಕೆಗೆ_ಹೋದವಳು | ರಾತ್ರಿ 11:15

ನಾನು 2011ರಲ್ಲಿ ಜನಗಣತಿಗೆ ಹೋದ ಟೀಚರು. ಒಂದು ಮನೆಯ ಕತೆ ಹೇಳುತ್ತೇನೆ.

ಗುಡ್ಡದ ಕೆಳಗೆ ದೊಡ್ಡ ಹಳೇ ಮನೆ. ಅಣ್ಣ, ತಮ್ಮ ಇಬ್ಬರ ಸಂಸಾರ. ಜನಗಣತಿಯಲ್ಲಿ ಒಂದು ಕುಟುಂಬ ಅಂದರೆ ಸಾಮಾನ್ಯವಾಗಿ ಒಟ್ಟಿಗೆ ಇದ್ದು, ಒಂದೇ ಅಡಿಗೆ ಮನೆಯಲ್ಲಿ ಉಣ್ಣುವವರು. ರಕ್ತ ಸಂಬಂಧ ಬೇಕು ಅಂತ ಇಲ್ಲ. ಹಾಗಾಗಿ ನಾನು ಕೇಳಿದೆ, "ಒಲೆ ಎಷ್ಟು ಅಕ್ಕಾ?" ಅಣ್ಣನ ಹೆಂಡತಿ "ಒಂದೇ" ಅಂದರು. ತಮ್ಮನ ಹೆಂಡತಿ ಒಳಗಿನಿಂದ "ಎರಡು" ಅಂದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಅನ್ನ ಒಂದೇ ಕಡೆ. ಚಾ ಎರಡು ಕಡೆ. ನೀನು ಹೇಗೆ ಬೇಕಾದರೂ ಬರಕ್ಕೋ." ನಾನು ಒಂದು ಅಂತ ಬರೆದೆ. ಸರಿಯೋ ತಪ್ಪೋ ಇವತ್ತಿಗೂ ಯೋಚನೆ ಬರುತ್ತದೆ.

ನಿನಗೆ ಇದು ಯಾಕೆ ಬೇಕು ಅಂದರೆ, ಎಣ್ಣೆ ಮನೆಗೆ ಬರುವ ಸಾಮಾನು, ಆಳಿಗೆ ಬರುವುದಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೀನು ಹಿಡಿದದ್ದು ಆಳುಗಳನ್ನು. ಒಂದೇ ಮನೆಯ ಇಬ್ಬರು ಉತ್ತರ ಕೊಟ್ಟರೆ ಆ ಎಣ್ಣೆ ಎರಡು ಸಲ ಲೆಕ್ಕಕ್ಕೆ ಬಂತು.

ಮಾತೃಭಾಷೆಯ ವಿಷಯವೂ ಹಾಗೇ. ಜನಗಣತಿಯಲ್ಲಿ ಮಾತೃಭಾಷೆ ಅಂದರೆ ಚಿಕ್ಕಂದಿನಲ್ಲಿ ತಾಯಿ ಮಗುವಿನ ಹತ್ತಿರ ಆಡಿದ ಭಾಷೆ. ತಾಯಿ ಇಲ್ಲದಿದ್ದರೆ ಮನೆಯಲ್ಲಿ ಆಡುತ್ತಿದ್ದ ಭಾಷೆ. ಅದರ ಮೇಲೆ ಗೊತ್ತಿರುವ ಬೇರೆ ಎರಡು ಭಾಷೆ ಬರೆಯಬಹುದು. ಎರಡೇ. ನಮ್ಮ ಊರಿನಲ್ಲಿ ಎರಡಕ್ಕೆ ನಿಲ್ಲುವವರು ಯಾರು ಮಾರಾಯ್ರೇ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಟಿವಿಯಲ್ಲಿ ಹಿಂದಿ. ಜಿಲ್ಲೆಯಲ್ಲಿ ತುಳು ಮಾತೃಭಾಷೆಯವರು ಕನ್ನಡ ಮಾತೃಭಾಷೆಯವರಿಗಿಂತ ಜಾಸ್ತಿ. ಅವರಲ್ಲಿ ಎಷ್ಟೋ ಜನ ಓದುವುದು, ಬರೆಯುವುದು ಕನ್ನಡದಲ್ಲೇ. ಮಾತೃಭಾಷೆಯ ಅಂಕಿ ಹಿಡಿದರೆ ಇವರೆಲ್ಲ ನಿನ್ನ ಲೇಬಲಿನಿಂದ ಹೊರಗೆ.

ತಾಳವಾಡಿ_ತಮ್ಮ | ರಾತ್ರಿ 11:40

ತಮಿಳುನಾಡು ಕಡೆಯಿಂದ ಒಂದು ಮಾತು. ಪಟ್ಟಿಯಲ್ಲಿ 'ಕನ್ನಡ' ಅಂತ ಕಂಡದ್ದೆಲ್ಲ ನೀವು ಅಂದುಕೊಂಡ ಕನ್ನಡ ಅಲ್ಲ. 2011ರ ಭಾಷಾ ಕೋಷ್ಟಕದಲ್ಲಿ ಕನ್ನಡ ಅನ್ನುವ ತಲೆಬರಹದ ಕೆಳಗೆ ನೀಲಗಿರಿಯ ಬಡಗ ಭಾಷೆಯೂ ಸೇರಿದೆ, ಸುಮಾರು 1.33 ಲಕ್ಷ ಜನ. ಬಡಗರನ್ನು ಕೇಳಿದರೆ ನಮ್ಮದು ಬೇರೆ ಭಾಷೆ ಅಂತ ಹೇಳುವವರು ಬೇಕಾದಷ್ಟು ಇದ್ದಾರೆ. ದೊಡ್ಡ ಅಂಕಿ ತಗೊಳ್ಳುವ ಮೊದಲು ಅದರ ಹೊಟ್ಟೆಯೊಳಗೆ ಎಂತ ಉಂಟು ನೋಡಿ.

ಗಡಿನಾಡ_ಗರುಡ | ರಾತ್ರಿ 11:58

ಇದೆಲ್ಲ ಕನ್ನಡಿಗರ ಸಂಖ್ಯೆ ಕಡಿಮೆ ತೋರಿಸುವ ಆಟ. ಗಡಿ ವಿವಾದದ 1967ರ ಮಹಾಜನ ವರದಿಯಲ್ಲೇ ಬರೆದಿದೆ ಚಂದ್ರಗಿರಿಯ ಉತ್ತರ ಭಾಗ...

ನಿರ್ವಾಹಕ | ಭಾನುವಾರ, ಬೆಳಗ್ಗೆ 6:20

1967ಕ್ಕೆ ಹೋಗುವವರಿಗೆ ಬೇರೆ ಥ್ರೆಡ್ ಉಂಟು, ಅದು ಈಗಾಗಲೇ 340 ಕಾಮೆಂಟ್ ದಾಟಿದೆ. ಇಲ್ಲಿ ಎಣ್ಣೆಯ ಮಾತು ಮಾತ್ರ. ಗರುಡರ ಉಳಿದ ಆರು ಪ್ಯಾರಾ ಅಲ್ಲಿಗೆ ಸಾಗಿಸಿದ್ದೇನೆ.

ಕೆಎಲ್14_ಕೆಎ19 | ಬೆಳಗ್ಗೆ 8:05

ಮಾರ್ಕೆಟ್ ರಿಸರ್ಚಿನಲ್ಲಿ ಫೀಲ್ಡ್ ಕೆಲಸ ಮಾಡಿ ಎಂಟು ವರ್ಷ. ನನ್ನದೇ ತಪ್ಪು ಒಂದು ಹೇಳುತ್ತೇನೆ.

ಮಂಗಳೂರಿನಲ್ಲಿ ಒಂದು ಬಟ್ಟೆ ಅಂಗಡಿಯವರಿಗೆ ಗ್ರಾಹಕರ ಸರ್ವೆ ಬೇಕಿತ್ತು. ಹೆಸರು ಬೇಡ. ಪ್ರಶ್ನೆಪತ್ರಿಕೆಯ ಶುರುವಿಗೆ ನಾವು ಒಂದು ಸೋಸುವ ಪ್ರಶ್ನೆ ಇಟ್ಟಿದ್ದೆವು: 'ನೀವು ಮಂಗಳೂರಿನಲ್ಲಿ ವಾಸ ಇದ್ದೀರಾ?' ಇಲ್ಲ ಅಂದವರಿಗೆ ಥ್ಯಾಂಕ್ಸ್ ಹೇಳಿ ಕಳಿಸುವುದು. ಎರಡು ವಾರ ಹಾಗೇ ಮಾಡಿದೆವು. ಒಂದು ಭಾನುವಾರ ಊಟ ಮುಗಿಸಿ ಪಾರ್ಕಿಂಗಿನಲ್ಲಿ ನಿಂತಿದ್ದೆ. ಸುಮ್ನೆ ನಂಬರ್ ಪ್ಲೇಟ್ ನೋಡಿದೆ. ಕೆಎಲ್ 14, ಕೆಎಲ್ 14, ಕೆಎ 19, ಕೆಎಲ್ 14. ಮದುವೆ ಸೀರೆಗೆ ಉಪ್ಪಳದಿಂದ, ಕಾಸರಗೋಡಿನಿಂದ ಇಡೀ ಮನೆಯೇ ಬರುತ್ತದೆ ಅಲ್ವಾ? ದೊಡ್ಡ ಬಿಲ್ಲು ಅವರದ್ದೇ. ನಾವು ಅವರನ್ನು ಬಾಗಿಲಿನಲ್ಲೇ ಸೋಸಿ ಬಿಸಾಡಿದ್ದೆವು. 'ಅಂಗಡಿಗೆ ಬಂದು ಕೊಂಡವರು' ಬೇಕಿತ್ತು, ನಾವು ಹಿಡಿದದ್ದು 'ಊರಿನಲ್ಲಿ ವಾಸ ಇರುವವರು'. ಕಾಸರಗೋಡಿನವನಾದ ನನಗೇ ಅದು ಹೊಳೆಯಲಿಲ್ಲ, ಅದು ಇನ್ನೂ ನಾಚಿಕೆ.

ದೊಡ್ಡ ಅಳತೆಗಳಲ್ಲೂ ಇದೇ. ಟಿವಿ ರೇಟಿಂಗ್ ತಗೊಳ್ಳಿ. ಆ ರೇಟಿಂಗ್ ಕೊಡುವ ಬಾರ್ಕ್ ಸಂಸ್ಥೆಯವರು ಅಳೆಯುವುದು ಟಿವಿ ಇರುವ ಮನೆಗಳ 2 ವರ್ಷ ಮೇಲ್ಪಟ್ಟವರನ್ನು. ಕನ್ನಡ ಚಾನೆಲ್‌ಗಳು ತಮ್ಮ ಸ್ಥಾನ ಹೇಳಿಕೊಳ್ಳುವುದು ಸಾಮಾನ್ಯವಾಗಿ ಕರ್ನಾಟಕ ಮಾರುಕಟ್ಟೆಯ ಲೆಕ್ಕದಲ್ಲಿ. ಮುಳ್ಳೇರಿಯದಲ್ಲಿ ಅತ್ತೆ ದಿನಾ ಸಂಜೆ ಕನ್ನಡ ಧಾರಾವಾಹಿ ನೋಡಿದರೂ ಆ ಲೆಕ್ಕದಲ್ಲಿ ಅವರು ಇಲ್ಲ. 2019ರ ಇಂಡಿಯನ್ ರೀಡರ್‌ಶಿಪ್ ಸರ್ವೆ 12 ವರ್ಷ ಮೇಲ್ಪಟ್ಟವರನ್ನು ಕೇಳಿತ್ತು. ಅಲ್ಲಿ 'ಓದುಗ' ಅಂದರೆ ಪೇಪರಿಗೆ ದುಡ್ಡು ಕೊಟ್ಟವನಲ್ಲ, ಓದಿದವನು. ಒಂದು ಪೇಪರು, ಚಾ ಅಂಗಡಿ, 20 ಓದುಗರು.

ಇನ್ನು ಫೋನ್ ಸರ್ವೆ ಮಾಡುತ್ತೇನೆ ಅಂತ ಹೊರಡಬೇಡಿ. ನಮ್ಮಲ್ಲಿ ಅರ್ಧ ಹುಡುಗರ ಸಿಮ್ಮು ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ತಗೊಂಡದ್ದು, ಕರ್ನಾಟಕ ಸರ್ಕಲ್. 2015ರ ಜುಲೈಯಿಂದ ಇಡೀ ದೇಶದಲ್ಲಿ ನಂಬರ್ ಬದಲಾಯಿಸದೆ ಸರ್ಕಲ್ ಬದಲಾಯಿಸಬಹುದು. ನಂಬರ್ ನೋಡಿ ಊರು ಹೇಳುವ ಕಾಲ ಹೋಯಿತು.

ಅಡಿಕೆ_ಭಾವ | ಬೆಳಗ್ಗೆ 9:30

ನಮ್ಮ ಕತೆ ಕೇಳಿ. ತೋಟದ ಆಧಾರ, ಅಂದರೆ ಹಕ್ಕುಪತ್ರ, ಅಪ್ಪನ ಹೆಸರಿನಲ್ಲಿ. ಅಪ್ಪನಿಗೆ 84. ತೋಟ ನೋಡುವವ ನಾನು. ಅಡಿಕೆ ಮಾರುವಾಗ ಸೊಸೈಟಿಯ ಸದಸ್ಯತ್ವ ತಮ್ಮನ ಹೆಸರಿನಲ್ಲಿ, ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಈಗ 'ಅಡಿಕೆ ಬೆಳೆಗಾರ' ಯಾರು? ಮೂರು ಪಟ್ಟಿ ತೆಗೆದರೆ ಮೂರು ಹೆಸರು.

ಕೃಷಿ ಗಣತಿಯವರು ಇದನ್ನು ಜಾಣತನದಲ್ಲಿ ಬಿಡಿಸಿದ್ದಾರೆ. 1970-71ರಿಂದ ನಡೆಯುತ್ತಾ ಬಂದ ಗಣತಿ ಅದು. ಅವರು ಎಣಿಸುವುದು ಹಕ್ಕುಪತ್ರವನ್ನಲ್ಲ, ಸಾಗುವಳಿಯನ್ನು. ಜಾಗ ಯಾರದ್ದೇ ಇರಲಿ, ಎಷ್ಟು ಕಡೆ ಚದುರಿರಲಿ, ಒಬ್ಬರ ಉಸ್ತುವಾರಿಯಲ್ಲಿ ಒಟ್ಟಿಗೆ ಸಾಗುತ್ತಿದ್ದರೆ ಅದು ಒಂದು ಹಿಡುವಳಿ. ಆ ಲೆಕ್ಕದಲ್ಲಿ ನಾನು ರೈತ. ಅಪ್ಪನಿಗೆ ಹೇಳಲಿಲ್ಲ, ಹೇಳಿದರೆ ಅನ್ನ ಸಿಗಲಿಕ್ಕಿಲ್ಲ.

ಮುಳ್ಳೇರಿಯ_ಅಕ್ಕ | ಬೆಳಗ್ಗೆ 10:10

ಧಾರಾವಾಹಿಗೆ ನಮ್ಮ ಊರೇ ಸಿಕ್ಕಿತಾ ಕೆಎಲ್14ನವರೇ :) ನೋಡುವುದು ಹೌದು, ಇಲ್ಲ ಅನ್ನುವುದಿಲ್ಲ.

ನೀರ್ಚಾಲಿನ ತಂಗೀ, ನಿನಗೆ ಒಂದು ಅಡಿಗೆ ಮನೆಯ ಮಾತು. ನಾನು ಮದುವೆಯಾಗಿ ಬಂದು 26 ವರ್ಷ. ತೆಂಗಿನೆಣ್ಣೆ ಇಲ್ಲದೆ ಒಂದು ದಿನ ಒಗ್ಗರಣೆ ಹಾಕಿಲ್ಲ. ಆದರೆ ಅಂಗಡಿಯಿಂದ ತೆಂಗಿನೆಣ್ಣೆ ತಂದದ್ದು ಬೆರಳಲ್ಲಿ ಎಣಿಸಬಹುದು. ಮನೆಯ ಕಾಯಿ, ಅಂಗಳದಲ್ಲಿ ಒಣಗಿಸುತ್ತೇವೆ, ಮಿಲ್ಲಿಗೆ ಕೊಡುತ್ತೇವೆ. ನಿನ್ನ ಫಾರ್ಮಿನಲ್ಲಿ 'ತಿಂಗಳಿಗೆ ಎಷ್ಟು ಲೀಟರ್ ಬಳಸುತ್ತೀರಿ' ಅಂತ ಕೇಳಿದರೆ ನಾನು ನಾಲ್ಕು ಅಂತ ಬರೆಯುತ್ತೇನೆ. ನಿನ್ನ ಮಾವ ಅದನ್ನು ನೋಡಿ ನಾಲ್ಕು ಬಾಟಲಿ ತುಂಬಿಸಿ ಕಾಯುತ್ತಾರೆ. ನಾನು ಬರುವುದು ಕೊಬ್ಬರಿ ಗೋಣಿ ಹೊತ್ತುಕೊಂಡು!

ಪೆರ್ಲದ_ಮಾಷ್ಟ್ರು | ಬೆಳಗ್ಗೆ 10:26

ಅಕ್ಕ ನಾನು ಎರಡು ಗಂಟೆ ಪಾಠ ಮಾಡಿ ಹೇಳುವುದನ್ನು ಒಂದು ಗೋಣಿಯಲ್ಲಿ ಹೇಳಿದರು. ಬಳಸುವವರು ಬೇರೆ, ಕೊಳ್ಳುವವರು ಬೇರೆ, ಯಾವುದು ತರಬೇಕು ಅಂತ ನಿರ್ಧಾರ ಮಾಡುವವರು ಇನ್ನೂ ಬೇರೆ ಇರಬಹುದು. ಮಾವನ ಬಾಟಲಿಗೆ ಬೇಕಾದ್ದು ಯಾರು?

ನಿನ್ನೆ ಒಬ್ಬರು ಮೆಸೇಜಿನಲ್ಲಿ "ಇದೆಲ್ಲ ವ್ಯಾಪಾರದವರ ತಲೆಬಿಸಿ, ಅರ್ಥಶಾಸ್ತ್ರಕ್ಕೆ ಎಂತ?" ಅಂತ ಕೇಳಿದರು. ನಿರುದ್ಯೋಗದ ಅಂಕಿಯನ್ನೇ ನೋಡಿ. ಪೇಪರಿನಲ್ಲಿ ನೂರಕ್ಕೆ ಇಷ್ಟು ಅಂತ ಬರುತ್ತದೆ. ಯಾವ ನೂರು? ಊರಿನ ನೂರು ಜನ ಅಲ್ಲ. ಕೆಲಸ ಮಾಡುವವರು ಮತ್ತು ಕೆಲಸ ಹುಡುಕುವವರು ಅಥವಾ ಸಿಕ್ಕಿದರೆ ಮಾಡಲು ತಯಾರಿರುವವರು ಸೇರಿದ ನೂರು. ಓದುತ್ತಾ ಇರುವವಳು, ಮನೆ ನೋಡಿಕೊಳ್ಳುವವಳು, ಹುಡುಕಿ ಹುಡುಕಿ ಸಾಕಾಗಿ ಇನ್ನು ಕೆಲಸವೇ ಬೇಡ ಅಂತ ಬಿಟ್ಟವನು, ಇವರು ಯಾರೂ ಕೆಳಗಿನ ಅಂಕಿಯಲ್ಲೂ ಇಲ್ಲ, ಮೇಲಿನದ್ದರಲ್ಲೂ ಇಲ್ಲ. ಕೆಲಸ ಇಲ್ಲದವರೆಲ್ಲ ನಾಳೆ ಬೇಡವೇ ಬೇಡ ಅಂತ ಬಿಟ್ಟರೆ ನಿರುದ್ಯೋಗ ಸೊನ್ನೆ!

ಸಮಯವೂ ಹಾಗೇ. 2017ರಲ್ಲಿ ಶುರುವಾದ, ಪಿಎಲ್‌ಎಫ್‌ಎಸ್ ಅನ್ನುವ ಕೇಂದ್ರ ಸರಕಾರದ ಉದ್ಯೋಗ ಸರ್ವೆಯಲ್ಲಿ ಹಿಂದಿನ 365 ದಿನ ನೋಡುವ ಲೆಕ್ಕ ಒಂದು, ಹಿಂದಿನ 7 ದಿನ ನೋಡುವ ಲೆಕ್ಕ ಇನ್ನೊಂದು. ವಾರದ ಲೆಕ್ಕದಲ್ಲಿ ಒಂದು ದಿನ ಒಂದು ಗಂಟೆ ಕೆಲಸ ಮಾಡಿದರೂ ಅವನು ಕೆಲಸದವನೇ. ಜನಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳಿಗಿಂತ ಕಡಿಮೆ ಕೆಲಸ ಮಾಡಿದವನನ್ನು ಬೇರೆ ಸಾಲಿನಲ್ಲಿ ಹಾಕುತ್ತಾರೆ. ಅಡಿಕೆ ಕೊಯ್ಲಿಗೆ ಮಾತ್ರ ಬರುವ ಕೊಯ್ಲಿನವನನ್ನು ಯಾವ ತಿಂಗಳು ಕೇಳುತ್ತೀ ಅನ್ನುವುದರ ಮೇಲೆ ಅವನ ಕತೆ.

ದುಬೈ_ಬಾಯಾರು | ಮಧ್ಯಾಹ್ನ 12:50

ನಮ್ಮನ್ನು ಯಾರೂ ಎಣಿಸುವುದಿಲ್ಲವಾ?

ಎಣಿಕೆಗೆ_ಹೋದವಳು | ಮಧ್ಯಾಹ್ನ 1:15

2011ರ ಜನಗಣತಿಯಲ್ಲಿ ಫೆಬ್ರವರಿ 9ರಿಂದ 28ರ ವರೆಗೆ ಪೂರ್ತಿ ಊರಿನಿಂದ ಹೊರಗಿದ್ದವರನ್ನು ಆ ಮನೆಯಲ್ಲಿ ಬರೆಯುವ ಹಾಗಿರಲಿಲ್ಲ. ಲೆಕ್ಕ ನಿಲ್ಲುವುದು ಮಾರ್ಚ್ 1ರ ಶುರುವಿಗೆ, ರಾತ್ರಿ 12 ಗಂಟೆಗೆ. ಎಷ್ಟೋ ಮನೆಯಲ್ಲಿ ತಾಯಂದಿರು "ನನ್ನ ಮಗ ಈ ಮನೆಯವನಲ್ವಾ?" ಅಂತ ಜಗಳವೇ ಮಾಡಿದರು. ಮನೆ ಕಟ್ಟಿಸಿದ್ದು ಅವನು, ಫ್ರಿಜ್ ತಂದದ್ದು ಅವನು, ಪಟ್ಟಿಯಲ್ಲಿ ಅವನಿಲ್ಲ. ಮುಂದಿನ ಗಣತಿಗೆ ದೇಶದ ಹೆಚ್ಚಿನ ಕಡೆ 2027ರ ಮಾರ್ಚ್ 1 ಅಂತ ದಿನ ನಿಗದಿ ಮಾಡಿದ್ದಾರೆ. ರಜೆ ಹೊಂದಿಸಿಕೊಳ್ಳಿ ಭಾವ!

ಪೆರ್ಲದ_ಮಾಷ್ಟ್ರು | ಮಧ್ಯಾಹ್ನ 1:40

ಗಲ್ಫಿನವರನ್ನೇ ಎಣಿಸಲು ಬೇರೆ ಸರ್ವೆ ಉಂಟು. ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್‌ನವರು 1998ರಲ್ಲಿ ಕೇರಳ ವಲಸೆ ಸರ್ವೆ ಶುರು ಮಾಡಿದರು. ಅವರು ಮನೆಗೆ ಹೋಗಿ, ಈ ಮನೆಯವರು ಯಾರಾದರೂ ದೇಶದ ಹೊರಗೆ ಇದ್ದಾರಾ ಅಂತ ಕೇಳುತ್ತಾರೆ. 2018ರಲ್ಲಿ ಇಡೀ ರಾಜ್ಯಕ್ಕೆ ಸುಮಾರು 21 ಲಕ್ಷ ಅಂತ ಅಂದಾಜು ಬಂತು. ಅಲ್ಲಿಯೂ ಒಂದು ತೂತು ಉಂಟು, ಹುಡುಕಿ ನೋಡೋಣ.

ಅಡಿಕೆ_ಭಾವ | ಮಧ್ಯಾಹ್ನ 1:52

ಇಡೀ ಮನೆಯೇ ಬೀಗ ಹಾಕಿ ಹೋದರೆ ಹೇಳುವವರು ಯಾರು?

ಪೆರ್ಲದ_ಮಾಷ್ಟ್ರು | ಮಧ್ಯಾಹ್ನ 1:53

ಪಾಸ್.

ಎಣ್ಮಕಜೆಯವ | ಸಂಜೆ 4:30

ನೀವೆಲ್ಲ ನಗುತ್ತಾ ಮಾತಾಡುತ್ತಿದ್ದೀರಿ, ತಪ್ಪಲ್ಲ. ಒಂದು ಮಾತ್ರ ಹೇಳಿ ಹೋಗುತ್ತೇನೆ. ನಮ್ಮ ಜಿಲ್ಲೆಯಲ್ಲಿ 'ಯಾರು ಲೆಕ್ಕದಲ್ಲಿ' ಅನ್ನುವುದು ಮಾರ್ಕಿನ ಪ್ರಶ್ನೆ ಅಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದ ಮೇಲೆ, ತೊಂದರೆಯಾದ ಪಂಚಾಯತುಗಳು ಅಂತ 11ನ್ನು ಗುರುತಿಸಿದರು. ನಮ್ಮದು ಅದರಲ್ಲಿ ಉಂಟು. ಗಾಳಿಗೆ, ತೋಡಿನ ನೀರಿಗೆ ಪಂಚಾಯತಿನ ಗಡಿ ಗೊತ್ತಿಲ್ಲ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕು ಅಂದಿತು. ಆಗ ಪಟ್ಟಿಯಲ್ಲಿ ಹೆಸರು ಇರುವುದು, ಇಲ್ಲದಿರುವುದು ಒಂದು ಮನೆಗೆ ಎಂತ ಅಂತ ನೀವೇ ಯೋಚನೆ ಮಾಡಿ.

ನೀರ್ಚಾಲು_ಹುಡುಗಿ | ರಾತ್ರಿ 8:45

ಎಲ್ಲರದ್ದೂ ಎರಡೆರಡು ಸಲ ಓದಿದೆ. ಎಣ್ಮಕಜೆಯಣ್ಣನ ಮಾತು ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ.

ಹೊಸದಾಗಿ ಹೀಗೆ ಬರೆದಿದ್ದೇನೆ, ನೋಡಿ: 'ಮಂಜೇಶ್ವರ ಮತ್ತು ಕಾಸರಗೋಡು ತಾಲೂಕಿನಲ್ಲಿ ಕಳೆದ ಆರು ತಿಂಗಳಿನಿಂದ ವಾಸ ಇರುವ, ಒಂದೇ ಅಡಿಗೆ ಮನೆಯಲ್ಲಿ ಉಣ್ಣುವ ಕುಟುಂಬಗಳು, ಮನೆಯಲ್ಲಿ ಒಬ್ಬರಾದರೂ ಕನ್ನಡ ಓದುವವರು, ಕಳೆದ 30 ದಿನದಲ್ಲಿ ಒಂದು ಸಲವಾದರೂ ದುಡ್ಡು ಕೊಟ್ಟು ತೆಂಗಿನೆಣ್ಣೆ ಕೊಂಡವರು. ಉತ್ತರ ಕೊಡುವವರು ಮನೆ ಸಾಮಾನಿನ ಪಟ್ಟಿ ಬರೆಯುವವರು.' ಮಾತೃಭಾಷೆ ಕೇಳುವುದಿಲ್ಲ. ಓದಲು ಬಂದರೆ ಸಾಕು, ಲೇಬಲ್ ಓದಬೇಕಲ್ಲ.

ಹಳೇ 200ರಲ್ಲಿ ಇದಕ್ಕೆ ಹೊಂದುವುದು 61. ಉಳಿದದ್ದು ಕಟ್ಟಿ ಅಟ್ಟಕ್ಕೆ ಹಾಕಿದೆ.

ಕೆಎಲ್14_ಕೆಎ19 | ರಾತ್ರಿ 9:10

ಚೆನ್ನಾಗಿದೆ. '30 ದಿನ' ಮಾತ್ರ ನೋಡಿಕೋ. ಒಂದೇ ಸಲ ಐದು ಲೀಟರಿನ ಕ್ಯಾನ್ ತರುವವರು ಎರಡು ತಿಂಗಳಿಗೊಮ್ಮೆ ಕೊಳ್ಳುತ್ತಾರೆ. 90 ಮಾಡು. ಮತ್ತೆ ಮನೆ ಹುಡುಕಲು ಯಾವ ಪಟ್ಟಿ? ವಾರ್ಡಿನ ವೋಟರ್ ಲಿಸ್ಟ್ ತಗೊಂಡರೆ ಮನೆ ನಂಬರ್ ಸಿಗುತ್ತದೆ, ಆದರೆ ಬಾಡಿಗೆಗೆ ಬಂದವರು ಬಿಟ್ಟುಹೋಗುತ್ತಾರೆ. ನಿನ್ನ ಎಣ್ಣೆ ಕೊಳ್ಳುವುದು ಅವರೇ, ಯಾಕಂದ್ರೆ ಅವರಿಗೆ ತೆಂಗಿನ ಮರ ಇಲ್ಲ. ಕ್ವಾರ್ಟರ್ಸು, ಫ್ಲಾಟು ಬೇರೆಯಾಗಿ ಸೇರಿಸು. ಹೊಂದದವರನ್ನೂ ಒಂದು ಹಾಳೆಯಲ್ಲಿ ಬರೆದಿಡು, ಎಷ್ಟು ಮನೆ ತಟ್ಟಿದರೆ ಎಷ್ಟು ಸಿಕ್ಕಿತು ಅಂತ. ಮಾವನಿಗೆ ಬೇಕಾದ ಅಂಕಿ ಅದೇ.

ಪೆರ್ಲದ_ಮಾಷ್ಟ್ರು | ರಾತ್ರಿ 9:25

ಬಿಸಾಡಿದ 139ನ್ನು ಅಟ್ಟದಿಂದ ಇಳಿಸು. ಅದರಲ್ಲಿ ಮುಳ್ಳೇರಿಯ ಅಕ್ಕನಂಥವರು ಎಷ್ಟು ನೋಡು.

ನೀರ್ಚಾಲು_ಹುಡುಗಿ | ಮುಂದಿನ ಶನಿವಾರ, ರಾತ್ರಿ 10:05

ಅಪ್ಡೇಟ್. ಇವತ್ತು ಬೆಳಗ್ಗಿಂದ ಮಿಲ್ಲಿನಲ್ಲೇ ಕೂತಿದ್ದೆ. ಎಣ್ಣೆ ತಗೊಂಡು ಹೋಗುವವರ ಹತ್ತಿರ ಒಂದೇ ಪ್ರಶ್ನೆ: "ಇದು ಎಲ್ಲಿಗೆ ಹೋಗುತ್ತದೆ?"

ಒಬ್ಬರು ಅಜ್ಜ ಮೂರು ಕ್ಯಾನು ತಂದಿದ್ದರು. ಒಂದು ಬಿಳಿ, ಒಂದು ನೀಲಿ, ಒಂದು ಹಳೇ ಜ್ಯೂಸಿನ ಬಾಟಲಿ. ಬಿಳಿಯದ್ದು ಮನೆಗೆ. ನೀಲಿಯದ್ದು ಬೆಂಗಳೂರಿನಲ್ಲಿರುವ ಮಗನಿಗೆ, ರಾತ್ರಿ ಬಸ್ಸಿನಲ್ಲಿ ಕಳಿಸಲಿಕ್ಕೆ. ಜ್ಯೂಸಿನ ಬಾಟಲಿ ಮಂಗಳೂರಿನಲ್ಲಿರುವ ಮಗಳಿಗೆ. ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್. "ಹೋದ ಸಲ ಬಸ್ಸಿನಲ್ಲಿ ಸೋರಿ ಯಾರದ್ದೋ ಬ್ಯಾಗಿಗೆ ತಾಗಿತು, ಬೈಗುಳ ತಿಂದೆ" ಅಂದರು. "ಸೋರದ ಬಾಟಲಿ ಸಿಕ್ಕಿದರೆ ದುಡ್ಡು ಕೊಡ್ತೀರಾ ಅಜ್ಜ?" ಅಂತ ಕೇಳಿದೆ. "ಎಣ್ಣೆಗೆ ಯಾಕೆ ದುಡ್ಡು, ಎಣ್ಣೆ ನನ್ನದೇ ಅಲ್ವಾ? ಬಾಟಲಿಗೆ ಕೊಡುತ್ತೇನೆ" ಅಂದರು.

ಮಾವ ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದರು. ಆಮೇಲೆ ಅಜ್ಜನ ಹತ್ತಿರ ಅರ್ಧ ಗಂಟೆ ಮಾತಾಡಿದರು, ನನ್ನನ್ನು ಕೇಳಲೇ ಇಲ್ಲ.

ಕುಂಬಳೆ_ಪೇಟೆ | ರಾತ್ರಿ 10:12

ಹಾಗಾದರೆ ಬೆಂಗಳೂರಿನ ಮಗ ನಿನ್ನ ಪಾಪ್ಯುಲೇಷನ್ನಿನಲ್ಲಿ ಇದ್ದಾನಾ ಇಲ್ವಾ?

ನೀರ್ಚಾಲು_ಹುಡುಗಿ | ರಾತ್ರಿ 10:14

ಗೈಡ್ ಸೋಮವಾರ ಇದನ್ನೇ ಕೇಳುತ್ತಾರೆ. ನೀವು ಅವರಲ್ಲ ತಾನೇ?